3ಟಿ ಸ್ಟ್ರಾಡಾ: ಮುಂದೆ ಒಂದೇ ಚೈನ್‌ರಿಂಗ್ ಇರುವ ಏರೋ ಡಿಸ್ಕ್ ಸೈಕಲ್ ತಗೊಳ್ಳಬಹುದಾ?

ತೀರ್ಪು ಮೊದಲೇ ಹೇಳಿಬಿಡೋಣ. 3ಟಿ ಕಂಪನಿಯ ರೋಡ್ ಬೈಕು ಸ್ಟ್ರಾಡಾದ ಏರೋ ಆಕಾರ, ಅಂದರೆ ಗಾಳಿ ಸೀಳುವ ಆಕಾರ, ಚೆನ್ನಾಗಿದೆ, ಡಿಸ್ಕ್ ಬ್ರೇಕು ಚೆನ್ನಾಗಿದೆ, ಮುಂದೆ ಒಂದೇ ಚೈನ್‌ರಿಂಗ್ (ಪೆಡಲಿಗೆ ಜೋಡಿಸಿದ ಹಲ್ಲಿನ ಚಕ್ರ) ಇದ್ದರೂ ಸಮತಟ್ಟು ರಸ್ತೆಯಲ್ಲಿ ಓಡಿಸುವ ಬಹಳ ಜನಕ್ಕೆ ಅದು ಸಾಕು. ಆದರೆ ನಾಳೆ ಸಾಲದು ಅನ್ನಿಸಿದರೆ ಎರಡನೆಯದನ್ನು ಹಾಕಿಕೊಳ್ಳುವ ದಾರಿಯನ್ನೇ ಆ ಫ್ರೇಮು ಮುಚ್ಚಿಬಿಟ್ಟಿದೆ. ಮನೆಯಲ್ಲಿ ಇರೋದು ಇದೊಂದೇ ರೋಡ್ ಬೈಕು, ವಾರಕ್ಕೊಮ್ಮೆ ಬೆಟ್ಟ ಹತ್ತೋದೂ ಇದರಲ್ಲೇ ಅನ್ನುವವರು ದುಡ್ಡು ಬಿಚ್ಚುವ ಮೊದಲು ಕೆಳಗಿನ ಲೆಕ್ಕವನ್ನು ಒಂದು ಸಲ ಮಾಡಿ ನೋಡಿ.

3ಟಿ ಇಟಲಿಯ ಹಳೇ ಕಂಪನಿ. 1961ರಲ್ಲಿ ಟೊರಿನೊದಲ್ಲಿ ಹ್ಯಾಂಡಲ್‌ಬಾರ್, ಸ್ಟೆಮ್ಮು ಮಾಡುತ್ತಾ ಶುರುವಾಯಿತು. ಸ್ಟ್ರಾಡಾ ಬಂದದ್ದು 2017ರಲ್ಲಿ. ವಿನ್ಯಾಸ ಗೆರಾರ್ಡ್ ವ್ರೂಮೆನ್ ಅವರದು. ಸರ್ವೆಲೋ ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬರು, ಏರೋ ಫ್ರೇಮ್ ವಿಷಯದಲ್ಲಿ ಗಾಳಿಮಾತು ಆಡುವವರಲ್ಲ. ಅವರ ವಾದ ಸರಳವಾಗಿತ್ತು. ಚೈನನ್ನು ಒಂದು ರಿಂಗಿನಿಂದ ಇನ್ನೊಂದಕ್ಕೆ ದಾಟಿಸುವ ಮುಂದಿನ ಡಿರೈಲರ್ ತೆಗೆದರೆ ಪೆಡಲಿನ ಸುತ್ತ ಗಾಳಿ ಕಲಕುವ ಒಂದು ಅಡ್ಡಿ ಹೋಗುತ್ತೆ, ಸೀಟಿನ ಕೆಳಗಿನ ಕೊಳವೆ, ಅಂದರೆ ಸೀಟ್ ಟ್ಯೂಬನ್ನು ಹಿಂದಿನ ಚಕ್ರಕ್ಕೆ ಇನ್ನಷ್ಟು ಒತ್ತಿ ಕೂರಿಸಬಹುದು. ಡಿಸ್ಕ್ ಬ್ರೇಕ್ ಇದ್ದರೆ ರಿಮ್ ಬ್ರೇಕಿನ ಕೈಗಳಿಗೆ ಜಾಗ ಬಿಡಬೇಕಾಗಿಲ್ಲ, ಆಗ 28 ಮಿ.ಮೀ ಟೈರಿನ ಸುತ್ತಲೇ ಫ್ರೇಮ್ ಹೆಣೆಯಬಹುದು. ಆ ಕಾಲಕ್ಕೆ ಏರೋ ಸೈಕಲ್ ಅಂದರೆ 23 ಇಲ್ಲವೇ 25 ಟೈರು, ಕೈ ನಡುಗಿಸುವ ಗಡಸು ಸವಾರಿ ಅನ್ನೋ ಮಾತಿತ್ತು. ದಪ್ಪ ಟೈರಿನ ವಿಷಯದಲ್ಲಿ ವ್ರೂಮೆನ್ ಹೇಳಿದ್ದೇ ನಿಜವಾಯಿತು. ಈಗ ವೃತ್ತಿಪರರೇ 28, 30 ಹಾಕುತ್ತಾರೆ. ಡಿಸ್ಕ್ ಬ್ರೇಕಿನ ವಿಷಯದಲ್ಲೂ ಹಾಗೆಯೇ. ರಸ್ತೆ ರೇಸುಗಳಲ್ಲಿ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ ಅದನ್ನು ಪ್ರಯೋಗದ ಹಣೆಪಟ್ಟಿ ತೆಗೆದು ಪೂರ್ತಿ ಒಪ್ಪಿದ್ದು 2018ರ ಜುಲೈ 1ರಿಂದ.

ಒಂದೇ ಚೈನ್‌ರಿಂಗ್ ವಿಷಯದಲ್ಲಿ ಮಾತ್ರ ಕಥೆ ಬೇರೆ. 2018ರಲ್ಲಿ ಐರ್ಲೆಂಡಿನ ಆಕ್ವಾ ಬ್ಲೂ ಸ್ಪೋರ್ಟ್ ತಂಡ ಇಡೀ ಋತುವಿಗೆ ಸ್ಟ್ರಾಡಾ ಹತ್ತಿತು. ಚೈನು ಬೀಳೋದು, ಗೇರುಗಳ ನಡುವಿನ ಅಂತರ ಎಂದು ಗೊಣಗಾಟ ಶುರುವಾಗಿ, ಕೊನೆಗೆ ತಂಡದ ಮಾಲೀಕರೇ ಟ್ವಿಟರ್‌ನಲ್ಲಿ ಬಹಿರಂಗವಾಗಿ ಸೈಕಲನ್ನು ದೂರಿದರು. ಅದೇ ಆಗಸ್ಟ್‌ನಲ್ಲಿ ತಂಡ ಬಾಗಿಲು ಹಾಕುವುದಾಗಿ ಘೋಷಿಸಿತು. ಮುಚ್ಚಿದ್ದಕ್ಕೆ ಪ್ರಾಯೋಜಕರು ಸಿಗದ್ದೂ ಸೇರಿ ಬೇರೆ ಕಾರಣಗಳಿದ್ದವು, ಎಲ್ಲವನ್ನೂ ಸೈಕಲಿನ ತಲೆಗೆ ಕಟ್ಟೋದು ತಪ್ಪು. ಆದರೂ 3ಟಿ ಆಮೇಲೆ ಎರಡು ಚೈನ್‌ರಿಂಗ್ ಹಿಡಿಯುವ ‘ಸ್ಟ್ರಾಡಾ ದುಎ’ ಮಾದರಿಯನ್ನೂ ತಂದಿತಲ್ಲ, ಅದನ್ನು ನೋಡಿದರೆ ಗ್ರಾಹಕರು ಏನು ಕೇಳುತ್ತಿದ್ದರು ಅನ್ನೋದು ಗೊತ್ತಾಗುತ್ತೆ. ಸೆಕೆಂಡ್ ಹ್ಯಾಂಡ್ ನೋಡುವವರು ಇವೆರಡನ್ನು ಕಲಸಿಕೊಳ್ಳಬೇಡಿ. ಜಾಹೀರಾತಿನಲ್ಲಿ ಬರೀ ‘ಸ್ಟ್ರಾಡಾ’ ಅಂತಿರುತ್ತೆ. ಸೀಟ್ ಟ್ಯೂಬಿನ ಬಲಭಾಗದ ಫೋಟೋ ಕೇಳಿ, ಮುಂದಿನ ಡಿರೈಲರ್ ಕೂರುವ ಜಾಗ ಇದೆಯಾ ಅಂತ ನೋಡಿ.

ಈಗ ಲೆಕ್ಕ. 700×28 ಟೈರಿನ ಸುತ್ತಳತೆ ಸುಮಾರು 2.136 ಮೀಟರ್. ಚೈನ್‌ರಿಂಗಿನ ಹಲ್ಲುಗಳನ್ನು ಹಿಂದಿನ ಗೇರಿನ ಹಲ್ಲುಗಳಿಂದ ಭಾಗಿಸಿ, 2.136ರಿಂದ ಗುಣಿಸಿದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಎಷ್ಟು ಮೀಟರ್ ಹೋಗುತ್ತೆ ಅಂತ ಸಿಗುತ್ತೆ. ಅದನ್ನು ಕ್ಯಾಡೆನ್ಸ್‌ನಿಂದಲೂ (ಪೆಡಲ್ ನಿಮಿಷಕ್ಕೆ ತಿರುಗುವ ಸುತ್ತು) 60ರಿಂದಲೂ ಗುಣಿಸಿ 1000ದಿಂದ ಭಾಗಿಸಿದರೆ ಗಂಟೆಗೆ ಕಿ.ಮೀ.

ಮೇಲಿನ ತುದಿಯಲ್ಲಿ ಯಾರಿಗೂ ತೊಂದರೆ ಇಲ್ಲ. 44 ಹಲ್ಲಿನ ಚೈನ್‌ರಿಂಗ್, ಹಿಂದೆ 10: 90 ಕ್ಯಾಡೆನ್ಸ್‌ನಲ್ಲಿ ಸುಮಾರು 51 ಕಿ.ಮೀ ವೇಗ. 48 ಹಾಕಿದರೆ 55. ಎರಡು ಚೈನ್‌ರಿಂಗಿನ ಕಾಂಪ್ಯಾಕ್ಟ್ ಸೈಕಲ್‌ನಲ್ಲಿ 50ಕ್ಕೆ 11 ಹಾಕಿದಾಗ ಸಿಗೋದು 52. ಅಂದರೆ ಇಳಿಜಾರಿನಲ್ಲಿ ಕಾಲು ಗಾಳಿಯಲ್ಲಿ ತಿರುಗುತ್ತೆ ಅನ್ನೋ ಭಯಕ್ಕೆ ಆಧಾರವಿಲ್ಲ, ಹಿಂದಿನ ಗೇರುಗಳ ಗೊಂಚಲಾದ ಕ್ಯಾಸೆಟ್ 10 ಹಲ್ಲಿನಿಂದ ಶುರುವಾಗುವುದಾದರೆ. 11ರಿಂದ ಶುರುವಾದರೆ 44ರಲ್ಲಿ 46 ಕಿ.ಮೀಗೇ ನಿಲ್ಲುತ್ತೆ, ಗುಂಪಿನಲ್ಲಿ ಹೋಗುವವರಿಗೆ ಅದು ಕಡಿಮೆ.

ಕೆಳಗಿನ ತುದಿ ಏರಿನಲ್ಲಿ ಗೊತ್ತಾಗುತ್ತೆ. ಸವಾರ 70 ಕೆ.ಜಿ, ಸೈಕಲ್ಲು ಬಾಟಲಿ ಸೇರಿ 9 ಕೆ.ಜಿ, 200 ವ್ಯಾಟ್ ಹಾಕುತ್ತಿದ್ದಾರೆ ಅಂದುಕೊಳ್ಳಿ. ಶೇ. 6ರ ಏರಿನಲ್ಲಿ ವೇಗ ಸುಮಾರು 13 ಕಿ.ಮೀ. 48 ಚೈನ್‌ರಿಂಗಿಗೆ ಹಿಂದೆ 36 ಇದ್ದರೂ ಕ್ಯಾಡೆನ್ಸ್ 76 ಬರುತ್ತೆ, ಆರಾಮ. ಅದೇ ಸವಾರ ಶೇ. 10ರ ಏರಿಗೆ ಬಂದಾಗ ವೇಗ ಎಂಟೂವರೆಗೆ ಇಳಿಯುತ್ತೆ. ಆಗ 48-36ರಲ್ಲಿ ಕ್ಯಾಡೆನ್ಸ್ ಬರೀ 50. 44-36ರಲ್ಲಿ 54. 44-44 ಇದ್ದರೆ 66. ಐವತ್ತರಲ್ಲಿ ಐದು ನಿಮಿಷ ತುಳಿಯಬಹುದು, ಅರ್ಧ ಗಂಟೆ ತುಳಿದರೆ ಮೊಣಕಾಲು ಮಾತಾಡುತ್ತೆ. ನಂದಿ ಬೆಟ್ಟ ಸರಾಸರಿ ತೆಗೆದರೆ ಶೇ. 6ರ ಆಸುಪಾಸು, ಹಾಗಾಗಿ 48-36ರಲ್ಲಿ ಬಹುಪಾಲು ದಾಟಿಬಿಡಬಹುದು, ಕಡಿದಾದ ತಿರುವುಗಳಲ್ಲಿ ಮಾತ್ರ ಎದ್ದು ನಿಂತು ತುಳಿಯಬೇಕು. ಮುಳ್ಳಯ್ಯನಗಿರಿ ಕಡೆ ಹೋಗುವವರು, ಆಗುಂಬೆಯ 14 ತಿರುವುಗಳನ್ನು ಸೋಮೇಶ್ವರದ ಕಡೆಯಿಂದ ಹತ್ತುವವರು ಹಿಂದೆ 42 ಇಲ್ಲವೇ 44 ಇಲ್ಲದೆ ಒಂದೇ ಚೈನ್‌ರಿಂಗಿನ ತಂಟೆಗೆ ಹೋಗದಿರೋದು ಒಳ್ಳೇದು. 44-44 ಅಂದರೆ 34-34ರ ಸಮವೇ ತಾನೆ. ಅಷ್ಟು ಸಿಕ್ಕರೆ ಏರಿನ ಮಟ್ಟಿಗೆ ಯಾವ ಕೊರತೆಯೂ ಇಲ್ಲ.

ಹಾಗಾದರೆ ಕಳೆದುಕೊಳ್ಳೋದು ಎಲ್ಲಿ? ನಡುವೆ. ಗೇರು ತಯಾರಿಸುವ ಸ್ರಾಮ್ ಕಂಪನಿಯ 12 ಸ್ಪೀಡ್ (ಹಿಂದೆ 12 ಗೇರು) 10-44 ಕ್ಯಾಸೆಟ್‌ನ ಹಲ್ಲುಗಳು 10, 11, 13, 15, 17, 19, 21, 24, 28, 32, 38, 44. ಇನ್ನೊಂದು ಕಂಪನಿ ಶಿಮಾನೊದ ಅಲ್ಟೆಗ್ರಾ 11-30ರಲ್ಲಿ 11ರಿಂದ 17ರವರೆಗೆ ಒಂದೊಂದೇ ಹಲ್ಲು ಹೆಚ್ಚುತ್ತೆ. 35 ಕಿ.ಮೀ ವೇಗದಲ್ಲಿ ಗುಂಪಿನಲ್ಲಿ ಹೋಗುತ್ತಿದ್ದೀರಿ. 50 ಚೈನ್‌ರಿಂಗ್, 11-30 ಇದ್ದವರಿಗೆ 15, 16, 17ರಲ್ಲಿ ಕ್ಯಾಡೆನ್ಸ್ 82, 87, 93 ಸಿಗುತ್ತೆ. 44 ಚೈನ್‌ರಿಂಗ್, 10-44 ಇದ್ದವರಿಗೆ 13ರಲ್ಲಿ 81, 15ರಲ್ಲಿ 93. ನಡುವಿನ 87 ಇಲ್ಲವೇ ಇಲ್ಲ. ಒಬ್ಬರೇ ಹೋಗುವಾಗ ಇದು ಗಮನಕ್ಕೇ ಬರಲಿಕ್ಕಿಲ್ಲ; ವೇಗ ಸ್ವಲ್ಪ ಏರಿಳಿಸಿಕೊಂಡು ಕಾಲಿಗೆ ಹಿತವಾದ ಜಾಗ ಹುಡುಕಿಕೊಳ್ಳುತ್ತೀರಿ. ಗುಂಪಿನಲ್ಲಿ ವೇಗ ನಿಮ್ಮ ಕೈಯಲ್ಲಿರೋದಿಲ್ಲ. ಮುಂದಿನವರ ಚಕ್ರ ಬಿಡಬಾರದು, ಎದುರುಗಾಳಿ ಬೇರೆ, ಒಂದು ಗೇರಿನಲ್ಲಿ ಕಾಲು ಭಾರ, ಇನ್ನೊಂದರಲ್ಲಿ ಕಾಲು ಸಡಿಲ. ಆಕ್ವಾ ಬ್ಲೂ ಸವಾರರ ಗೊಣಗಾಟದ ಹಿಂದೆಯೂ ಇದೇ ಲೆಕ್ಕವಿತ್ತು. ಅವರ ಕಾಲದ 11 ಸ್ಪೀಡ್‌ನಲ್ಲಿ ಸ್ಥಿತಿ ಇನ್ನೂ ಬಿಗಿ: ಸ್ರಾಮ್‌ನ 10-42 ಕ್ಯಾಸೆಟ್ 10, 12, 14, 16, 18 ಅಂತ ಮೊದಲಿನಿಂದಲೇ ಎರಡೆರಡು ಹಲ್ಲು ಹಾರುತ್ತೆ.

ಇಲ್ಲಿ ಒಂದು ಉಪಾಯವಿದೆ. ಕ್ಯಾಸೆಟ್‌ನಲ್ಲಿ ಗೇರುಗಳು ಒತ್ತೊತ್ತಾಗಿರುವ ಜಾಗ ಯಾವುದೋ ಅಲ್ಲಿಗೆ ನಿಮ್ಮ ಮಾಮೂಲಿ ವೇಗ ಬೀಳುವಂತೆ ಚೈನ್‌ರಿಂಗ್ ಆರಿಸಿ. 10-36 ಕ್ಯಾಸೆಟ್‌ನಲ್ಲಿ 10, 11, 12, 13 ಒತ್ತಾಗಿದ್ದು ಆಮೇಲೆ 15, 17 ಅಂತ ಹೋಗುತ್ತೆ. 28-30 ಕಿ.ಮೀ ವೇಗದಲ್ಲಿ ಓಡಾಡುವವರು 40 ಇಲ್ಲವೇ 42 ಹಾಕಿಕೊಂಡರೆ ಆ ಒತ್ತಿನ ಭಾಗಕ್ಕೆ ಹತ್ತಿರವಾಗುತ್ತಾರೆ, ಏರಿಗೂ ಅನುಕೂಲ. ಆದರೆ ಬಹಳ ಜನ ಮಾಡೋದು ಉಲ್ಟಾ: ಏರೋ ಸೈಕಲ್‌ಗೆ ದೊಡ್ಡ ಚೈನ್‌ರಿಂಗ್ ಇದ್ದರೇನೇ ಚೆಂದ ಅಂತ 50 ಹಾಕಿಸಿ, ಏರಿನಲ್ಲಿ ಒದ್ದಾಡುತ್ತಾರೆ.

3ಟಿ ಇದಕ್ಕೆಂದೇ 9ರಿಂದ ಶುರುವಾಗುವ 9-32 ಕ್ಯಾಸೆಟ್‌ಗಳನ್ನು ಮಾಡಿತ್ತು. ಕಾಗದದ ಮೇಲೆ ಚೆಂದ. 44-9ರಲ್ಲಿ 56 ಕಿ.ಮೀ, ಚೈನ್‌ರಿಂಗ್ ಚಿಕ್ಕದೇ ಇಟ್ಟುಕೊಳ್ಳಬಹುದು. ಆದರೆ ಚೈನಿನ ಪ್ರತಿ ಕೊಂಡಿಯೂ 9 ಹಲ್ಲಿನ ಗೇರನ್ನು ಸುತ್ತುವಾಗ 40 ಡಿಗ್ರಿ ಬಾಗಬೇಕು, 11ರಲ್ಲಾದರೆ 33 ಡಿಗ್ರಿ ಸಾಕು. ಬಾಗು ಹೆಚ್ಚಿದಷ್ಟೂ ಘರ್ಷಣೆ, ಸವೆತ ಎರಡೂ ಹೆಚ್ಚು. ಇರುವ ಒಂಬತ್ತೇ ಹಲ್ಲಿನ ಮೇಲೆ ಇಡೀ ಭಾರ. ಅದನ್ನು ಇಳಿಜಾರಿಗೆ ಮಾತ್ರ ಬಳಸುವ ಶಿಸ್ತಿದ್ದರೆ ಸರಿ. ಈಗ ಆ ಕ್ಯಾಸೆಟ್ ಹುಡುಕಿಕೊಂಡು ಹೋಗುವ ಅಗತ್ಯವಂತೂ ಇಲ್ಲ, ಸೈಕಲ್ ಜೊತೆ ಬಂದರೆ ಓಡಿಸಿ, ಸವೆದ ಮೇಲೆ ಬೇರೆಯದಕ್ಕೆ ಬದಲಾಯಿಸಿ.

ಏರೋ ಲಾಭದ ಬಗ್ಗೆ ಒಂದು ಮಾತು. ಮುಂದಿನ ಡಿರೈಲರ್ ತೆಗೆದರೆ ಉಳಿಯುವ ವ್ಯಾಟ್ ಕೈಬೆರಳಲ್ಲಿ ಎಣಿಸುವಷ್ಟು, ಅದೂ ವೇಗ 40 ಕಿ.ಮೀ ದಾಟಿದ ಮೇಲೆ. ಇತ್ತ ಚೈನು ಓರೆಯಾಗಿ ಓಡುವಾಗ, ಚಿಕ್ಕ ಗೇರಿನಲ್ಲಿ ಬಿಗಿಯಾಗಿ ಸುತ್ತುವಾಗ ಹೆಚ್ಚುಕಡಿಮೆ ಅಷ್ಟೇ ವ್ಯಾಟ್ ಸೋರಿಹೋಗುತ್ತೆ. ಒಂದಕ್ಕೊಂದು ವಜಾ. ತೂಕದಲ್ಲಿ ಉಳಿಯೋದೂ ಅಷ್ಟಕ್ಕಷ್ಟೆ: ಡಿರೈಲರ್ರು, ಒಳಗಿನ ಚೈನ್‌ರಿಂಗು ಹೋಯಿತು ಅಂತ ಖುಷಿಪಡುವಷ್ಟರಲ್ಲಿ 10-44 ಕ್ಯಾಸೆಟ್ ನೂರು ಗ್ರಾಂ ವಾಪಸ್ ತರುತ್ತೆ. ನಿಜವಾದ ಲಾಭ ಬೇರೆ ಕಡೆ ಇದೆ. ಮುಂದಿನ ಡಿರೈಲರಿನ ಟ್ಯೂನಿಂಗ್ ಇಲ್ಲ, ಏರಿನ ಬುಡದಲ್ಲಿ ಚಿಕ್ಕ ರಿಂಗಿಗೆ ಹಾಕುವಾಗ ಚೈನು ಬಾಟಮ್ ಬ್ರಾಕೆಟ್ (ಪೆಡಲಿನ ಅಕ್ಷ ಕೂರುವ ಜಾಗ) ಕಡೆ ಬೀಳುವ ಕಾಟ ಇಲ್ಲ, ಎಡಗೈಗೆ ಕೆಲಸವಿಲ್ಲ. ಟ್ರಾಫಿಕ್ಕಿನಲ್ಲಿ ಇದು ಸಣ್ಣ ಸುಖವಲ್ಲ.

ಹಾಗಂತ ಒಂದೇ ರಿಂಗಿನಲ್ಲಿ ಚೈನು ಬೀಳೋದೇ ಇಲ್ಲ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಇಟಲಿಯ ದೊಡ್ಡ ರೇಸು ಜಿರೊ ದಿಟಾಲಿಯಾದ 2023ರ ಮೊಂತೆ ಲುಸ್ಸಾರಿ ಟೈಮ್ ಟ್ರಯಲ್‌ನಲ್ಲಿ ಪ್ರಿಮೊಜ್ ರೊಗ್ಲಿಚ್ ಅವರ ಒಂದೇ ರಿಂಗಿನ ಸೈಕಲ್‌ನಲ್ಲಿ, ಹಿಂದೆ 10-44 ಇದ್ದದ್ದರಲ್ಲಿ, ಏರಿನ ಮಧ್ಯೆ ಚೈನು ಕಳಚಿದ್ದನ್ನು ಜಗತ್ತೇ ಟಿವಿಯಲ್ಲಿ ನೋಡಿತು. ಅವರು ಆ ದಿನ ಗೆದ್ದರು, ಜಿರೊವನ್ನೂ ಗೆದ್ದರು, ಅದು ಬೇರೆ ಮಾತು.

ಚೈನು ಬೀಳೋದಕ್ಕೆ ಕಾರಣಗಳು ಗೊತ್ತಿದ್ದರೆ ತಡೆಯೋದು ಕಷ್ಟವಿಲ್ಲ. ಒಂದೇ ರಿಂಗಿನ ಚೈನ್‌ರಿಂಗಿನಲ್ಲಿ ಹಲ್ಲುಗಳು ಒಂದು ದಪ್ಪ, ಒಂದು ತೆಳು, ಹೀಗೆ ಸಾಲಾಗಿ ಇರುತ್ತವೆ. ದಪ್ಪ ಹಲ್ಲು ಚೈನಿನ ಅಗಲ ಕೊಂಡಿಯೊಳಗೆ, ತೆಳು ಹಲ್ಲು ಕಿರಿದು ಕೊಂಡಿಯೊಳಗೆ ಕೂರಬೇಕು. ಆದ್ದರಿಂದಲೇ ಹಲ್ಲಿನ ಸಂಖ್ಯೆ ಯಾವಾಗಲೂ ಸಮ, 40, 42, 44, 46. ತೊಳೆದು ಚೈನು ವಾಪಸ್ ಹಾಕುವಾಗ ಒಂದು ಹಲ್ಲು ಆಚೀಚೆ ಆದರೆ ದಪ್ಪ ಹಲ್ಲಿನ ಮೇಲೆ ಕಿರಿದು ಕೊಂಡಿ ಏರಿ ಕೂರುತ್ತೆ. ಪೆಡಲ್ ತಿರುಗಿಸಿದರೆ ಕಟಕಟ ಸದ್ದು ಬಂದು ಚೈನು ಮೇಲಕ್ಕೆದ್ದು ನಿಂತಿರೋದು ಕಣ್ಣಿಗೇ ಕಾಣುತ್ತೆ. ಹಾಗೇ ಓಡಿಸಿದರೆ ಮೊದಲ ಗುಂಡಿಗೇ ಚೈನು ಕೆಳಗೆ.

ಎರಡನೆಯದು ಹಿಂದಿನ ಡಿರೈಲರಿನ ಕ್ಲಚ್ಚು. ಚೈನು ಕುಣಿಯದಂತೆ ಡಿರೈಲರಿನ ತೋಳನ್ನು, ಅಂದರೆ ಕೇಜನ್ನು ಬಿಗಿಹಿಡಿಯೋದು ಇದೇ. ಶಿಮಾನೊದ ಮಾಮೂಲಿ ರೋಡ್ ಡಿರೈಲರ್‌ಗಳಾದ 105, ಅಲ್ಟೆಗ್ರಾ ಆರ್8100ಗಳಲ್ಲಿ ಕ್ಲಚ್ ಇಲ್ಲ, ಅವನ್ನು ಒಂದೇ ರಿಂಗಿಗೆ ಜೋಡಿಸಿ ನಮ್ಮ ರಸ್ತೆಗೆ ಬಿಟ್ಟರೆ ಚೈನು ನಿಲ್ಲಲ್ಲ. ಶಿಮಾನೊದ ಗ್ರಾವೆಲ್ (ಜಲ್ಲಿ-ಮಣ್ಣಿನ ದಾರಿ) ಸರಣಿ ಜಿಆರ್‌ಎಕ್ಸ್‌ನಲ್ಲಿ ಕ್ಲಚ್ ಇದೆ, ಸ್ರಾಮ್‌ನ ಫೋರ್ಸ್ 1ರಲ್ಲೂ ಇದೆ. ಸೈಕಲ್ ನೋಡಲು ಹೋದಾಗ ಡಿರೈಲರಿನ ಕೇಜನ್ನು ಕೈಯಿಂದ ಮುಂದಕ್ಕೆ ಎಳೆಯಿರಿ. ಸಲೀಸಾಗಿ ಬಂದರೆ ಕ್ಲಚ್ ಸತ್ತಿದೆ ಇಲ್ಲವೇ ಆಫ್ ಆಗಿದೆ. ಗಟ್ಟಿಯಾಗಿ, ಮನಸ್ಸಿಲ್ಲದ ಹಾಗೆ ಬರಬೇಕು.

ಮೂರನೆಯದು ಚೈನಿನ ಉದ್ದ. ಡಿರೈಲರ್ ಒಳಗೆ ತೂರಿಸದೆ ಚೈನನ್ನು ಚೈನ್‌ರಿಂಗ್ ಮತ್ತು ಹಿಂದಿನ ಅತಿ ದೊಡ್ಡ ಗೇರಿನ ಸುತ್ತ ಬಿಗಿಯಾಗಿ ಸುತ್ತಿ, ತುದಿಗಳು ಸೇರುವ ಜಾಗದಿಂದ ಎರಡು ಲಿಂಕ್ ಹೆಚ್ಚು ಇಟ್ಟು ಕತ್ತರಿಸಿ. 36ರಿಂದ 44ಕ್ಕೆ ಕ್ಯಾಸೆಟ್ ಬದಲಿಸಿದವರು ಹಳೇ ಚೈನನ್ನೇ ಬಿಟ್ಟರೆ, ದೊಡ್ಡ ಗೇರಿಗೆ ಹಾಕಿದ ತಕ್ಷಣ ಡಿರೈಲರ್ ಕೇಜ್ ಪೂರ್ತಿ ಚಾಚಿಕೊಂಡು ಡಿರೈಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮುರಿಯಬಹುದು. 44ರಿಂದ 36ಕ್ಕೆ ಇಳಿದವರಿಗೆ ಇದರ ವಿರುದ್ಧ: ಚೈನು ಜೋತುಬಿದ್ದು ಕಳಚುತ್ತೆ.

ಇನ್ನೊಂದು ಏರೋ ರೋಡ್ ಫ್ರೇಮ್‌ಗಳಿಗೇ ವಿಶೇಷವಾದದ್ದು. ಗ್ರಾವೆಲ್ ಸೈಕಲ್‌ಗಳ ಚೈನ್‌ಸ್ಟೇ (ಪೆಡಲಿನ ಕಡೆಯಿಂದ ಹಿಂಚಕ್ರಕ್ಕೆ ಹೋಗುವ ಕೊಳವೆ) 420ರಿಂದ 435 ಮಿ.ಮೀ ಇದ್ದರೆ ರೇಸ್ ಫ್ರೇಮಿನದು 405-410. ಚೈನ್‌ಸ್ಟೇ ಗಿಡ್ಡವಾದಷ್ಟೂ ಹಿಂದಿನ ದೊಡ್ಡ ಗೇರಿಗೆ ಚೈನು ಹೆಚ್ಚು ಓರೆಯಾಗಿ ಹೋಗುತ್ತೆ. ಅತಿ ದೊಡ್ಡ ಗೇರಿನಲ್ಲಿಟ್ಟು ಪೆಡಲನ್ನು ಹಿಂದಕ್ಕೆ ನಿಧಾನವಾಗಿ ಐದಾರು ಸುತ್ತು ತಿರುಗಿಸಿ. ಚೈನು ತಾನಾಗಿಯೇ ಪಕ್ಕದ ಚಿಕ್ಕ ಗೇರಿಗೆ ಜಾರಿದರೆ ಮೊದಲು ಹ್ಯಾಂಗರ್ ನೆಟ್ಟಗಿದೆಯಾ ನೋಡಿ, ಆಮೇಲೆ ಚೈನ್‌ಲೈನ್ (ಫ್ರೇಮಿನ ನಡುಗೆರೆಯಿಂದ ಚೈನ್‌ರಿಂಗಿಗಿರುವ ದೂರ) ಅಳೆಯಿರಿ. ಚೈನ್‌ರಿಂಗನ್ನು ಒಂದೆರಡು ಮಿ.ಮೀ ಒಳಕ್ಕೆ ತಂದರೆ ಬಹಳ ಸಲ ಸರಿಹೋಗುತ್ತೆ, ಚೈನ್‌ಸ್ಟೇಗೆ ತಾಗದಂತೆ ಜಾಗ ಇದ್ದರೆ ಮಾತ್ರ. ಇವಿಷ್ಟೂ ಮಾಡಿದ ಮೇಲೂ ಬೀಳುವ ಚೈನನ್ನು ತಡೆಯುವ ಒಂದು ಚೈನ್ ಕ್ಯಾಚರ್ ಹಾಕಿಸಿ. ಕಾರ್ಬನ್ ಫ್ರೇಮ್ ಕೆರೆಸಿಕೊಳ್ಳೋದಕ್ಕಿಂತ ಅಗ್ಗ.

ಖರ್ಚಿನ ವಿಷಯಕ್ಕೆ ಬರೋಣ. 10 ಹಲ್ಲಿನ ಗೇರು ಮಾಮೂಲಿ ಶಿಮಾನೊ ಹೈಪರ್‌ಗ್ಲೈಡ್ ಹಬ್ ಬಾಡಿಯ (ಹಿಂಚಕ್ರದಲ್ಲಿ ಕ್ಯಾಸೆಟ್ ಕೂರುವ ಭಾಗ) ಮೇಲೆ ಕೂರೋದಿಲ್ಲ. ಸ್ರಾಮ್‌ನದಕ್ಕೆ ಎಕ್ಸ್‌ಡಿಆರ್ ಬಾಡಿ ಬೇಕು, ಶಿಮಾನೊ ಜಿಆರ್‌ಎಕ್ಸ್‌ನ 10-45ಕ್ಕೆ ಮೈಕ್ರೊಸ್ಪ್ಲೈನ್ ಬೇಕು. ಮನೆಯಲ್ಲಿ ಈಗಾಗಲೇ ಒಳ್ಳೇ ಕಾರ್ಬನ್ ಚಕ್ರ ಇದೆ, ಫ್ರೇಮ್ ಮಾತ್ರ ತಗೊಂಡರೆ ಆಯಿತು ಅನ್ನುವವರು ಆ ಹಬ್ಬಿಗೆ ಈ ಬಾಡಿ ಸಿಗುತ್ತಾ ಅಂತ ಮೊದಲು ಕೇಳಿಕೊಳ್ಳಿ. ಸ್ರಾಮ್‌ನ ಮೌಂಟನ್ ಬೈಕಿನ ಎಕ್ಸ್‌ಡಿ ಕ್ಯಾಸೆಟ್ ಇದ್ದರೆ ಎಕ್ಸ್‌ಡಿಆರ್ ಮೇಲೆ 1.85 ಮಿ.ಮೀ ಸ್ಪೇಸರ್ ಇಟ್ಟು ಹಾಕಬಹುದು, ಉಲ್ಟಾ ಆಗಲ್ಲ. ಹಬ್ ಬಾಡಿ ಬದಲಿಸಲು ಇಷ್ಟವಿಲ್ಲದವರಿಗೆ ಸ್ರಾಮ್‌ನ ಒಂದೇ ರಿಂಗಿನ ಸರಣಿ ಏಪೆಕ್ಸ್ ಎಕ್ಸ್‌ಪಿಎಲ್‌ಆರ್‌ನ 11-44 ಕ್ಯಾಸೆಟ್ ಮಾಮೂಲಿ ಬಾಡಿಯ ಮೇಲೇ ಕೂರುತ್ತೆ, ತೂಕ ಜಾಸ್ತಿ, ಬೆಲೆ ಕಡಿಮೆ. ಒಂದೇ ರಿಂಗಿನಲ್ಲಿ ಕ್ಯಾಸೆಟ್ ಬೇಗ ಸವೆಯೋದು ಸಹಜ, ಕೆಲಸವೆಲ್ಲ ಅದರದ್ದೇ. ಚೈನ್ ಗೇಜಿನಲ್ಲಿ ಶೇ. 0.5 ಸವೆತ ತೋರಿಸಿದ ಕೂಡಲೇ ಚೈನ್ ಬದಲಿಸಿ. ಚೈನಿನಲ್ಲಿ ಕಂಜೂಸಿತನ ಮಾಡಿದರೆ ಕ್ಯಾಸೆಟ್ ಬಿಲ್ಲು ಬರುತ್ತೆ.

ಹೊಸ 13 ಸ್ಪೀಡ್ ಕನಸು ಕಾಣುವವರಿಗೆ ನಿರಾಸೆ ಇದೆ. 2024ರಲ್ಲಿ ಬಂದ ಸ್ರಾಮ್ ರೆಡ್ ಎಕ್ಸ್‌ಪಿಎಲ್‌ಆರ್ 10-46ರಲ್ಲಿ 10ರಿಂದ 13ರವರೆಗೆ ಒಂದೊಂದೇ ಹಲ್ಲು, ಕೆಳಗೆ 46 ಎರಡೂ ಸಿಗುತ್ತೆ. ಒಂದೇ ರಿಂಗಿನ ಹಳೇ ದೂರಿಗೆ ಅರ್ಧ ಉತ್ತರ ಅದರಲ್ಲಿದೆ. ಆದರೆ ಅದರ ಡಿರೈಲರ್ ಯುಡಿಎಚ್ ಎಂಬ ಸಾರ್ವತ್ರಿಕ ಹ್ಯಾಂಗರ್ ಮಾದರಿಯ ಫ್ರೇಮಿಗೆ ನೇರವಾಗಿ ಕೂರೋದು. ಯುಡಿಎಚ್ ಬಂದದ್ದೇ 2019ರಲ್ಲಿ, ಅದಕ್ಕೂ ಮೊದಲಿನ ಸ್ಟ್ರಾಡಾಗೆ ಅದು ಹಿಡಿಸಲ್ಲ. 12 ಸ್ಪೀಡ್ ಎಕ್ಸ್‌ಪಿಎಲ್‌ಆರ್ ಹ್ಯಾಂಗರಿಗೇ ಕೂರುವ ಮಾದರಿ, ಹಳೇ ಫ್ರೇಮಿಗೆ ಅದೇ ಗತಿ, ಅದೇ ಸಾಕು ಕೂಡ.

ಬ್ರೇಕಿನ ಬಗ್ಗೆ ತಕರಾರು ಇಲ್ಲ, ಕೆಲವು ಎಚ್ಚರಿಕೆ ಇದೆ. ಹೊಸ ಪ್ಯಾಡ್, ರೋಟರ್ (ಪ್ಯಾಡ್ ಹಿಡಿಯುವ ಲೋಹದ ತಟ್ಟೆ) ಹಾಕಿಸಿದ ದಿನ ಖಾಲಿ ರಸ್ತೆಯಲ್ಲಿ 20-25 ಕಿ.ಮೀ ವೇಗದಿಂದ ನಡಿಗೆಯ ವೇಗದವರೆಗೆ, ಚಕ್ರ ಲಾಕ್ ಮಾಡದೆ, ಪೂರ್ತಿ ನಿಲ್ಲದೆ ಇಪ್ಪತ್ತು ಸಲ ಬ್ರೇಕ್ ಹಾಕಿ. ಆಮೇಲೆ ಸ್ವಲ್ಪ ಹೆಚ್ಚು ವೇಗದಿಂದ ಹತ್ತು ಸಲ. ಈ ಕೆಲಸ ಬಿಟ್ಟವರೇ ‘ಡಿಸ್ಕ್ ಕಿರುಚುತ್ತೆ’ ಅಂತ ದೂರೋದು. ಉಜ್ಜುವ ಸದ್ದು ಬಂದರೆ ಪ್ಯಾಡುಗಳು ಕೂತಿರುವ ಕ್ಯಾಲಿಪರಿನ ಎರಡು ಬೋಲ್ಟ್ ಸಡಿಲಿಸಿ, ಲಿವರ್ ಒತ್ತಿ ಹಿಡಿದು, ಎರಡನ್ನೂ ಸ್ವಲ್ಪ ಸ್ವಲ್ಪವಾಗಿ ಸರದಿಯಲ್ಲಿ ಬಿಗಿಮಾಡಿ. ಸ್ರಾಮ್ ರೋಡ್ ಬ್ರೇಕಿಗೆ ಡಾಟ್ 5.1 ದ್ರವ, ಶಿಮಾನೊಗೆ ಮಿನರಲ್ ಆಯಿಲ್. ಒಂದಕ್ಕೆ ಇನ್ನೊಂದು ಹಾಕಿದರೆ ಸೀಲುಗಳು ಹಾಳು. ಡಾಟ್ ದ್ರವ ಗಾಳಿಯ ತೇವ ಹೀರುತ್ತೆ, ಬಣ್ಣಕ್ಕೆ ಬಿದ್ದರೆ ಬಣ್ಣ ಏಳುತ್ತೆ. ಮಂಗಳೂರು, ಉಡುಪಿ ಕಡೆ ಓಡಿಸುವವರು ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಬ್ಲೀಡ್ (ಹಳೇ ದ್ರವ, ಗಾಳಿ ತೆಗೆದು ಹೊಸದು ತುಂಬೋದು) ಮಾಡಿಸೋದು ಖರ್ಚಲ್ಲ. ಸೈಕಲನ್ನು ಕಾರಿನಲ್ಲಿ, ವಿಮಾನದಲ್ಲಿ ಸಾಗಿಸುವಾಗ ಚಕ್ರ ಬಿಚ್ಚಿದ ಕ್ಯಾಲಿಪರಿಗೆ ಪ್ಲಾಸ್ಟಿಕ್ ಸ್ಪೇಸರ್ ತುರುಕಿ. ಯಾರಾದರೂ ಲಿವರ್ ಒತ್ತಿಬಿಟ್ಟರೆ ಪ್ಯಾಡುಗಳು ಅಂಟಿಕೊಂಡು ರೋಟರ್ ಒಳಗೆ ಹೋಗಲ್ಲ.

ಟೈರಿನ ಜಾಗ ಸ್ಟ್ರಾಡಾದ ಬಿಗಿಯಾದ ಭಾಗ. 28 ಅಂತ ಬರೆದಿರುವ ಟೈರು ಒಳಅಗಲ 23 ಮಿ.ಮೀ ಇರುವ ಈಗಿನ ರಿಮ್ಮಿನ ಮೇಲೆ 29-30ಕ್ಕೆ ಉಬ್ಬುತ್ತೆ. ಗಾಳಿ ತುಂಬಿ ಒಂದು ದಿನ ಬಿಟ್ಟು ವರ್ನಿಯರ್ ಕ್ಯಾಲಿಪರಿನಿಂದ ಟೈರಿನ ಅಗಲ ಅಳೆದು ನೋಡಿ, 30 ದಾಟಿದರೆ ಹಾಕಬೇಡಿ. ಸೀಟ್ ಟ್ಯೂಬು ಹಿಂದಿನ ಚಕ್ರವನ್ನು ಅಪ್ಪಿಕೊಂಡಂತಿರುವುದರಿಂದ ಅಲ್ಲಿ ಉಳಿಯೋದು ಕೆಲವೇ ಮಿ.ಮೀ. ಹೊಸದಾಗಿ ಟಾರ್ ಹಾಕಿದ ರಸ್ತೆಯಲ್ಲಿ ಹೋದಾಗ ಟೈರಿಗೆ ಅಂಟಿದ ಜಲ್ಲಿ ಚೂರು ಪ್ರತಿ ಸುತ್ತಿಗೂ ಆ ಬಾಗಿದ ಮೈಯನ್ನು ಗೀರುತ್ತೆ. ಸೆಕೆಂಡ್ ಹ್ಯಾಂಡ್ ಫ್ರೇಮ್ ನೋಡುವಾಗ ಹಿಂದಿನ ಚಕ್ರ ಬಿಚ್ಚಿಸಿ, ಮೊಬೈಲ್ ಟಾರ್ಚನ್ನು ಸೀಟ್ ಟ್ಯೂಬಿನ ಹಿಂಬದಿಗೆ ಓರೆಯಾಗಿ ಹಿಡಿಯಿರಿ. ಉದ್ದಕ್ಕೆ ಸಣ್ಣ ಗೀರುಗಳು, ಬಣ್ಣ ಮಾಸಿರೋದು ಕಂಡರೆ ಚಿಂತೆಯಿಲ್ಲ, ಬೆಲೆ ಇಳಿಸಲು ಒಂದು ನೆಪ. ಕಪ್ಪು ನೂಲು ಎದ್ದು ಕಾಣುವಷ್ಟು ಆಳ ಹೋಗಿದ್ದರೆ ಎದ್ದು ಬನ್ನಿ. ಕೊಂಡವರು ಮೊದಲ ದಿನವೇ ಆ ಜಾಗಕ್ಕೆ ಪಾರದರ್ಶಕ ಫಿಲ್ಮ್ ಅಂಟಿಸಿಕೊಳ್ಳಿ.

ಬಾಟಮ್ ಬ್ರಾಕೆಟ್ ಬಿಬಿ386, ಅಂದರೆ 46 ಮಿ.ಮೀ ರಂಧ್ರ, 86.5 ಮಿ.ಮೀ ಅಗಲ, ಒತ್ತಿ ಕೂರಿಸುವ ಮಾದರಿ. ಸರಿಯಾದ ಬೇರಿಂಗ್ ಬಟ್ಟಲು (ಕಪ್) ಹಾಕಿದರೆ ಸ್ರಾಮ್ ಡಬ್, ಶಿಮಾನೊ ಎರಡರ ಪೆಡಲ್ ಅಕ್ಷವೂ ಹಿಡಿಸುತ್ತೆ. ಕಿರ್ ಕಿರ್ ಅಂದರೆ ಬೇರಿಂಗ್ ದೂರುವ ಮೊದಲು ಕೂರುವ ಜಾಗ ಒರೆಸಿ ನೋಡಿ; ಬಹಳ ಸಲ ಧೂಳೇ ಕಾರಣ ಇರುತ್ತೆ.

ಹಾಗಾದರೆ ಯಾರು ತಗೊಳ್ಳಬಹುದು? ಬೆಳಗ್ಗೆ ವಿಮಾನ ನಿಲ್ದಾಣದ ರಸ್ತೆಯಲ್ಲಿ, ಮೈಸೂರು-ನಂಜನಗೂಡು ಕಡೆಯ ಸಮತಟ್ಟು ದಾರಿಗಳಲ್ಲಿ ಒಬ್ಬರೇ ಜೋರಾಗಿ ಓಡಿಸುವವರು, ಟ್ರಯಥ್ಲಾನ್ ಮಾಡುವವರು, ಬೆಟ್ಟಕ್ಕೆ ಬೇರೆ ಸೈಕಲ್ ಇರುವವರು: ಒಳ್ಳೇ ಸ್ಥಿತಿಯ ಹಳೇ ಸ್ಟ್ರಾಡಾ ಕೈಗೆಟುಕುವ ಬೆಲೆಗೆ ಸಿಕ್ಕರೆ ಖಂಡಿತ. ಎರಡು ರಿಂಗ್ ಹಾಕಲಾಗದು ಅನ್ನೋ ಕಾರಣಕ್ಕೇ ಅದರ ಮರುಮಾರಾಟದ ಬೆಲೆ ಬೀಳುತ್ತೆ, ಕೊಳ್ಳುವವರಿಗೆ ಅದು ಲಾಭ, ಮಾರುವ ದಿನ ನಷ್ಟ. ಗುಂಪು ಸವಾರಿ, ರೇಸು ಮಾಡುವವರು, ಒಂದೇ ಸೈಕಲ್‌ನಲ್ಲಿ ಘಾಟಿಯನ್ನೂ ಹತ್ತುವವರು ಮುಂದಿನ ಡಿರೈಲರ್ ಕೊಂಡಿ ಬಿಚ್ಚಿ ಹಾಕಬಹುದಾದ ಏರೋ ಡಿಸ್ಕ್ ಫ್ರೇಮ್ ನೋಡಲಿ. ಇತ್ತೀಚಿನ ಹಲವು ಮಾದರಿಗಳಲ್ಲಿ ಆ ಕೊಂಡಿ ಸ್ಕ್ರೂನಲ್ಲಿ ಕೂತಿರುತ್ತೆ. ಒಂದು ವರ್ಷ ಒಂದೇ ರಿಂಗಿನಲ್ಲಿ ಓಡಿಸಿ, ಬೇಡವಾದರೆ ಎರಡನೆಯದನ್ನು ಹಾಕಿಸಿಕೊಳ್ಳಬಹುದು. ವ್ಯವಹಾರ ಮುಗಿಸುವ ಮುನ್ನ ಕೊನೆಯದಾಗಿ ಸೀಟ್‌ಪೋಸ್ಟ್ ನೋಡಿ: ಸ್ಟ್ರಾಡಾದ್ದು ಅದಕ್ಕೇ ಮಾಡಿದ ಏರೋ ಆಕಾರದ್ದು, ಬೇರೆ ಯಾವುದೂ ಹಿಡಿಸಲ್ಲ. ಹಿಂದಿನ ಮಾಲೀಕರು ಗಿಡ್ಡಗಿದ್ದು ಅದನ್ನು ಕತ್ತರಿಸಿದ್ದರೆ, ನಿಮ್ಮ ಎತ್ತರಕ್ಕೆ ಎಳೆದಾಗ ಕನಿಷ್ಠ ಇಷ್ಟು ಒಳಗಿರಬೇಕು ಅನ್ನೋ ಗುರುತು ಫ್ರೇಮಿನೊಳಗೇ ಉಳಿಯುತ್ತಾ ಅಂತ ಅಳತೆ ಪಟ್ಟಿ ಹಿಡಿದು ಅಲ್ಲೇ ಖಚಿತ ಮಾಡಿಕೊಳ್ಳಿ.